ಕುರ್ಚಿ ತುಂಬಿಸಿದ ಭಾನುವಾರ

ಊಟಕ್ಕೆ ಕೂತ ಗುರುನಾಥ ಹಂಗರಗಿಯವರು ರೊಟ್ಟಿ ಮುರಿಯುವ ಮೊದಲು ಮೊಬೈಲ್ ತೆಗೆದು ಮೊಮ್ಮಗಳ ಮುಂದೆ ಹಿಡಿದರು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಪ್ರೇಮನಾಥ ನಡೆಸುವ ಪುಸ್ತಕದಂಗಡಿಯ ಫೋಟೋ ಅದು. ಅಂಗಡಿಯ ಬಾಗಿಲ ಹೊರಗಿನ ಕಪ್ಪು ಹಲಗೆಯ ಮೇಲೆ ಜನವರಿ ತಿಂಗಳ ಕಾರ್ಯಕ್ರಮಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಮೊದಲ ಭಾನುವಾರ ಒಬ್ಬ ಮರಾಠಿ ಕವಿ. ಎರಡನೆಯ ಭಾನುವಾರ ಮಕ್ಕಳಿಗೆ ಕಥೆ ಹೇಳುವುದು. ಮೂರನೆಯದಕ್ಕೆ ಕನ್ನಡದಲ್ಲೇ ಬರೆದಿತ್ತು: 'ಗುರುನಾಥ ಹಂಗರಗಿ. "ನೀಲಿ ಅಂಗೈ" ಪುಸ್ತಕದಿಂದ ಕಥೆಗಳ ಓದು. ಸಂಜೆ ಐದು.'

"ಅಜ್ಜಾ, ಭಾರೀ!" ಎಂದಳು ಸೋನಾಲಿ. ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ. "ತುಮಚಂ ನಾವ್ ಕುಠಂ ಆಹೆ?"

ಅಜ್ಜ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಮಂಗಳೂರಿನ ಕಡೆಯ ಪ್ರೇಮನಾಥ ಗುಂಡಗೆ, ದೊಡ್ಡದಾಗಿ ಬರೆದಿದ್ದ. ಹಂಗರಗಿಯವರ ಹೆಸರಿಗೆ ಮಾತ್ರ ಎರಡು ಬಣ್ಣ ಬಳಸಿದ್ದ.

"ಭಾನುವಾರ ಯಾಕ ಒಪ್ಪಿದ್ರಿ ಅಪ್ಪಾ?" ಎಂದ ಮಗ ಅಂಬರೀಶ. "ಸೂಟಿ ದಿನಾ ಮಂದಿ ಮನಿ ಬಿಟ್ಟು ಹೊರಗ ಬರೂದಿಲ್ಲ."

"ಬರ್ತಾರ. ಕನ್ನಡ ಸಂಘದವ್ರು ಎಲ್ಲಾರೂ ಬರ್ತೀವಿ ಅಂದಾರ. ಟಿಟ್ವಾಳಾದಿಂದ ರೇವಣಸಿದ್ದ ಅಂತೂ ಬಂದೇ ಬರ್ತಾನ."

"ಮೊದಲ ಉಣ್ರಿ, ರೊಟ್ಟಿ ಆರ್ತಾವ," ಎಂದು ಸುಲೋಚನಾ ಗಂಡನ ತಾಟಿಗೆ ಶೇಂಗಾ ಹಿಂಡಿ ಹಾಕಿದರು. ಅವರಿಗೂ ಹಿಗ್ಗಾಗಿತ್ತು. ಆದರೆ ಹಿಗ್ಗನ್ನು ಬಾಯಲ್ಲಿ ಹೇಳಿ ಅವರಿಗೆ ರೂಢಿ ಇರಲಿಲ್ಲ.

ಹಂಗರಗಿಯವರು ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಿಜಯಪುರ, ಕಲಬುರಗಿ ಕಡೆಯಿಂದ ಅಲ್ಲಿಗೆ ಹಮಾಲಿಗೆ ಬಂದವರ ಬದುಕನ್ನು ನಿವೃತ್ತಿಯ ನಂತರ ಕಥೆಯಾಗಿ ಬರೆದಿದ್ದರು. ಹೋದ ದಸರೆಗೆ ಪುಸ್ತಕ ಅಚ್ಚಾಗಿ ಬಂದಾಗ ಮೊದಲ ಪ್ರತಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಒಳಗೆ 'ಮೊದಲ ಓದುಗಾರ್ತಿಗೆ' ಎಂದು ಬರೆದು ಸಹಿ ಹಾಕಿದ್ದರು. ಸುಲೋಚನಾ ಅದನ್ನು ಕಣ್ಣಿಗೊತ್ತಿಕೊಂಡು ನೇರವಾಗಿ ದೇವರ ಜಗಲಿಯ ಮೇಲಿಟ್ಟರು. ಅರಿಶಿನ ಕುಂಕುಮ ಹಚ್ಚಿದರು. ಅಂದಿನಿಂದ ಅದು ಅಲ್ಲೇ ಇತ್ತು. ದಿನಾ ಬೆಳಿಗ್ಗೆ ದೇವರಿಗೆ ಏರಿಸಿದ ಹೂವಿನಲ್ಲಿ ಒಂದು ಅದಕ್ಕೂ ಸಲ್ಲುತ್ತಿತ್ತು.

ಮೊದಲ ಭಾನುವಾರ, ಕಾರ್ಯಕ್ರಮ ಹೇಗಿರುತ್ತದೆ ನೋಡೋಣ ಎಂದು ಗಂಡ ಹೆಂಡತಿ ಇಬ್ಬರೂ ಮರಾಠಿ ಕವಿಯ ಓದಿಗೆ ಹೋದರು. ಪುಸ್ತಕದ ಕಪಾಟುಗಳನ್ನು ಗೋಡೆಗೆ ಸರಿಸಿ ಪ್ರೇಮನಾಥ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ. ಹಂಗರಗಿ ದಂಪತಿಗಳನ್ನು ಬಿಟ್ಟರೆ ಅಲ್ಲಿದ್ದವರು ಕವಿಯ ಹೆಂಡತಿ ಒಬ್ಬರೇ. ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಕವಿ ಒಂದು ಸಾಲು ಮರೆತಾಗ ಕೂತಲ್ಲಿಂದಲೇ ನೆನಪಿಸಿದರು. ಸುಲೋಚನಾರಿಗೆ ಆ ಹೆಣ್ಣುಮಗಳ ಕಡೆ ನೋಡಲಿಕ್ಕೇ ಆಗಲಿಲ್ಲ.

ಹೊರಗೆ ಬಂದಾಗ ಹಂಗರಗಿಯವರು, "ಪುಣ್ಯವಂತ ಮನುಷ್ಯ," ಎಂದರು.

ಸುಲೋಚನಾ ಅದನ್ನು ಚೇಷ್ಟೆ ಎಂದುಕೊಂಡರು. ದಾರಿಯುದ್ದಕ್ಕೂ ಅವರ ಕಣ್ಣಮುಂದೆ ಖಾಲಿ ಕುರ್ಚಿಗಳೇ ಇದ್ದವು. ತಮ್ಮ ಗಂಡನೂ ಅದೇ ಜಾಗದಲ್ಲಿ, ಇಸ್ತ್ರಿ ಅಂಗಿ ತೊಟ್ಟು, ಖಾಲಿ ಕುರ್ಚಿಗಳಿಗೆ ನಮಸ್ಕಾರ ಮಾಡುವುದು ಕಂಡಂತಾಗುತ್ತಿತ್ತು.

ಮರುದಿನ ಅಡುಗೆಮನೆಯಲ್ಲಿ ಸೊಸೆ ಅಪೇಕ್ಷಾಳ ಮುಂದೆ ಬಾಯಿ ಬಿಟ್ಟರು. ಅಪೇಕ್ಷಾ ಕಲ್ಯಾಣದ ಮರಾಠಿ ಮನೆಯ ಹುಡುಗಿ. ಮದುವೆಯಾದ ಮೇಲೆ ಕನ್ನಡ ಕಲಿತವಳು. ಅತ್ತೆಯನ್ನು 'ಆಯಿ', ಮಾವನನ್ನು 'ಬಾಬಾ' ಎನ್ನುತ್ತಾಳೆ.

"ಆಯಿ, ಸಂಘದವ್ರು ಬರ್ತಾರಲ್ಲ?"

"ಅವರೇನು ಬರ್ತಾರ. 'ಬರ್ತೀವಿ ಬರ್ತೀವಿ' ಅಂತಾರ, ಆಮ್ಯಾಲ ಯಾರದೋ ಮನಿ ವಾಸ್ತು ಇರ್ತದ. ಮ್ಯಾಲ ರೈಲ್ವೆದವ್ರ ಮೆಗಾಬ್ಲಾಕ್ ಬಿದ್ರ ಮುಗೀತು, ಲೋಕಲ್ ರೈಲು ಇಲ್ಲದ ಯಾರು ಬರ್ತಾರ? ನಮ್ಮವರಿಗೆ ಅಪಮಾನ ಆದ್ರ ನಾ ನೋಡಲಾರೆ ನೋಡು."

ಸಂಕ್ರಾಂತಿ ಹತ್ತಿರವಿತ್ತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅಲ್ಲಿ ಮನೆಮನೆಯಲ್ಲಿ ಹಳದಿ-ಕುಂಕೂ. ಬಿಲ್ಡಿಂಗಿನ ಹೆಂಗಸರನ್ನು ಕರೆದು ಅರಿಶಿನ ಕುಂಕುಮ, ಎಳ್ಳುಂಡೆ ಕೊಡುವುದು. ಜೊತೆಗೆ ಒಂದು ಸಣ್ಣ ಸಾಮಾನು, ಅದಕ್ಕೆ ವಾಣ ಎನ್ನುತ್ತಾರೆ. ಈ ಸಲ ವಾಣಕ್ಕೆಂದು ಅಪೇಕ್ಷಾ ಉಲ್ಹಾಸನಗರದಿಂದ ಸ್ಟೀಲಿನ ಸಣ್ಣ ಡಬ್ಬಿಗಳನ್ನು ಆಗಲೇ ತಂದಿಟ್ಟಿದ್ದಳು. ಸುಲೋಚನಾ ಆ ಡಬ್ಬಿಗಳನ್ನು ನೋಡುತ್ತ ನಿಂತರು.

"ಅಪೇಕ್ಷಾ, ಈ ಸಲ ನಮ್ಮ ಹಳದಿ-ಕುಂಕೂ ಪುಸ್ತಕದ ಅಂಗಡಿಯೊಳಗ ಇಟ್ಟರ?"

"ಅಂಗಡಿಯಾಗ? ಬಾಬಾಗೆ ಹೇಳ್ತೀರಾ?"

"ಹೇಳಿದ್ರ ಬ್ಯಾಡ ಅಂತಾರ. ಅವರು ಓದ್ತಾರ, ಹೆಣ್ಣಮಕ್ಕಳು ಕೂಡ್ತಾರ. ಕಡೀಕ ಕುಂಕುಮಾ ಕೊಟ್ಟು ಕಳಿಸಿದ್ರಾತು. ಕುರ್ಚಿ ಅಂತೂ ತುಂಬತಾವ."

ಅಪೇಕ್ಷಾ ಡಬ್ಬಿಗಳನ್ನು ಮತ್ತೆ ಎಣಿಸಿದಳು. ಸಂಜೆ ಬಿಲ್ಡಿಂಗಿನ ಹೆಂಗಸರ ಗ್ರೂಪಿಗೆ ಸಂದೇಶ ಕಳಿಸಿದವಳೂ ಅವಳೇ.

ಪ್ರೇಮನಾಥನಿಗೆ ಸುಲೋಚನಾ ಫೋನ್ ಮಾಡಿದರು.

"ಅಮ್ಮಾ, ಜನ ಬಂದ್ರೆ ನಂಗೆ ಖುಷಿಯೇ," ಎಂದ ಆತ. "ಆದ್ರೆ ಸರ್‌ಗೆ ಇದು ಗೊತ್ತುಂಟಲ್ಲಾ?"

"ಗೊತ್ತದ," ಎಂದರು ಸುಲೋಚನಾ.

ಆ ಒಂದು ಮಾತಿಗೆ ಅವರ ಕಿವಿ ಬಿಸಿಯಾಯಿತು. ಫೋನ್ ಇಟ್ಟು ದೇವರ ಮುಂದಿನ ದೀಪದ ಬತ್ತಿ ಸರಿಮಾಡಿದರು.

ಮೂರನೆಯ ಭಾನುವಾರ ಅವರು ಹೆದರಿದ್ದ ಹಾಗೆ ಮೆಗಾಬ್ಲಾಕ್ ಬಿತ್ತು. ಸಂಘದವರ ಫೋನುಗಳು ಮಧ್ಯಾಹ್ನದಿಂದಲೇ ಶುರುವಾದವು. ಕಾಮೋಠೆಯಲ್ಲಿರುವವರು ಬರುವುದಿಲ್ಲ. ಇನ್ನೊಬ್ಬರಿಗೆ ನೆಗಡಿ. ಹಂಗರಗಿಯವರು ಪ್ರತಿಯೊಬ್ಬರಿಗೂ "ಇರಲಿ ಇರಲಿ, ಮತ್ತ ಯಾವಾಗರೆ ಬರ್ರಿ," ಎಂದು ಹೇಳಿ ಅಂಗಿಯ ಗುಂಡಿ ಹಾಕಿಕೊಂಡರು. ಸುಲೋಚನಾ ಒಳಗೊಳಗೇ ತಾವು ಮಾಡಿದ್ದು ಸರಿಯಾಯಿತು ಎಂದುಕೊಂಡರು.

ಐದಕ್ಕೆ ಅಂಗಡಿ ತುಂಬಿತು. ಸಂಕ್ರಾಂತಿಯ ಕಪ್ಪು ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ಮಕ್ಕಳ ಕೈ ಹಿಡಿದು ಬಿಲ್ಡಿಂಗಿನ ಹೆಂಗಸರು ಬಂದರು. ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ಹಂಗರಗಿಯವರು ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿದರು. ಹೆಂಡತಿಯ ಕಡೆ ತಿರುಗಿ ಕೇಳಿದರು:

"ಇವರೆಲ್ಲಾ ನನ್ನ ಸಲುವಾಗಿ ಬಂದಾರೇನ?"

"ಮತ್ತ?" ಎಂದರು ಸುಲೋಚನಾ.

ಅವರು ಕನ್ನಡಕ ಒರೆಸಿಕೊಂಡರು. ಕನ್ನಡ ಬರದವರೂ ಇದ್ದಾರೆಂದು, ಕಥೆ ಓದುವ ಮೊದಲು ಅದರ ಸಾರವನ್ನು ಮರಾಠಿಯಲ್ಲಿ ಹೇಳಿದರು. ಆಮೇಲೆ ಓದಲು ಶುರುಮಾಡಿದರು. ಸುಲೋಚನಾ ಮತ್ತು ಅಪೇಕ್ಷಾ ಬಾಗಿಲ ಹತ್ತಿರದ ಗಲ್ಲಾಪೆಟ್ಟಿಗೆಯ ಮೇಜಿನ ಹಿಂದೆ ಬಗ್ಗಿ ಡಬ್ಬಿಗಳಲ್ಲಿ ಎಳ್ಳುಂಡೆ ತುಂಬುತ್ತಿದ್ದರು. ಉಂಡೆ ಕಮ್ಮಿ ಬೀಳುತ್ತವೇನೋ ಎಂಬ ಆತಂಕದಲ್ಲಿ ಸುಲೋಚನಾರಿಗೆ ಗಂಡನ ದನಿ ಕೇಳಿಸುತ್ತಿತ್ತೇ ಹೊರತು ಮಾತು ಕಿವಿಗೆ ಬೀಳಲಿಲ್ಲ. ನಡುವೆ ಒಂದು ಸಲ ಎಲ್ಲರೂ ಜೋರಾಗಿ ನಕ್ಕರು. ಕಥೆ ಎಲ್ಲರಿಗೂ ಹಿಡಿಸಿತು ಎಂದು ಅವರಿಗೆ ಸಮಾಧಾನವಾಯಿತು.

ಎರಡನೆಯ ಮಹಡಿಯ ಕರಂಬೇಳಕರ ಬಾಯಿ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ಗಡಿಯಾರ ನೋಡಿ, ನೋಡಿ, ಕೊನೆಗೆ ಹಿಂದೆ ತಿರುಗಿ ಕೇಳಿದರು:

"ಹಂಗರಗಿ ವಹಿನಿ, ಹಳದಿ-ಕುಂಕೂ ಕಧೀ? ಇನ್ನೂ ಎರಡು ಮನೆಗೆ ಹೋಗಬೇಕು ನಾನು."

ಕೊನೆಯ ಮಾತನ್ನೂ ಅವರು ಮರಾಠಿಯಲ್ಲೇ ಹೇಳಿದ್ದು. ಮೆಲ್ಲಗೇ ಕೇಳಿದೆ ಎಂದುಕೊಂಡಿದ್ದರು. ಸಣ್ಣ ಅಂಗಡಿ. ಎಲ್ಲರಿಗೂ ಕೇಳಿಸಿತು.

ಹಂಗರಗಿಯವರು ಓದುವುದನ್ನು ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. ಅಪೇಕ್ಷಾಳ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಸುಲೋಚನಾರ ಕೈಯಲ್ಲಿ ಡಬ್ಬಿ ಜೋಡಿಸಿದ ಅಗಲ ಪರಾತ. ಅವರು ಪುಸ್ತಕ ಮುಚ್ಚಿದರು.

"ಝಾಲಂ, ಝಾಲಂ," ಎಂದರು ನಗುತ್ತ. "ಮುಗೀತು. ನೀವು ಮುಂದಿನದು ನಡಸ್ರಿ."

ಹೆಂಗಸರು ಚಪ್ಪಾಳೆ ತಟ್ಟಿ ಎದ್ದರು. ಕುಂಕುಮ ಹಚ್ಚಿಕೊಂಡರು, ಡಬ್ಬಿ ತೆಗೆದುಕೊಂಡರು, ಕಪಾಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಹುಡುಗಿ ಅಜ್ಜನ ಕೈಗೂ ಎಳ್ಳುಂಡೆ ಇಟ್ಟು "ಗೋಡ ಬೋಲಾ," ಸಿಹಿ ಮಾತಾಡಿ ಎಂದಳು. ಅವರು ಅದನ್ನು ತಿನ್ನಲಿಲ್ಲ, ಕೆಳಗೂ ಇಡಲಿಲ್ಲ. ಮನೆ ಮುಟ್ಟುವವರೆಗೆ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಪ್ರೇಮನಾಥ ಮಾತ್ರ ಸುಮ್ಮನೆ ಕುರ್ಚಿ ಜೋಡಿಸುತ್ತಿದ್ದ. ಸುಲೋಚನಾರ ಮುಖ ನೋಡಲಿಲ್ಲ. ನೋಡದೆ ಇದ್ದದ್ದು ಅವನ ಒಳ್ಳೆಯತನ.

ಮನೆಯಲ್ಲಿ ಚಹಾ ಇಡುವಷ್ಟರಲ್ಲಿ ಫೋನ್ ಬಂತು. ರೇವಣಸಿದ್ದನದು. ಕಟ್ಟಡದ ಕೆಲಸದಲ್ಲಿ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿಯಾಗಿರುವ ಅವನು ಕೂಗಿಯೇ ಮಾತಾಡುವವನು, ಅಡುಗೆಮನೆಗೂ ಕೇಳಿಸುತ್ತಿತ್ತು.

"ಸರ, ತಪ್ಪ ತಿಳೀಬ್ಯಾಡ್ರಿ. ಟಿಟ್ವಾಳಾದಿಂದ ರಿಕ್ಷಾ, ಬಸ್ ಬದಲಿಸಿ ಬಂದಿದ್ದೆ. ನಮ್ಮ ಸೈಟಿನ ಇಬ್ಬರು ಹುಡುಗರನ್ನೂ ಕರಕೊಂಡು ಬಂದಿದ್ದೆ. ಅಂಗಡ್ಯಾಗ ನೋಡಿದ್ರ ಹೆಣ್ಣಮಕ್ಕಳ ಕುಂಕುಮದ ಕಾರ್ಯಕ್ರಮ! ನಾವು ಗಂಡಸರು ಹ್ಯಾಂಗ ಒಳಗ ಬರೂದ್ರಿ? ದಿನಾ ತಪ್ಪೇನೋ ಅನಕೊಂಡು ಎದುರಿಗೆ ಚಾ ಕುಡದು ಹೊಳ್ಳಿ ಹೋದ್ವಿ. ನಿಮ್ಮ ಓದು ಯಾವಾಗ್ರಿ?"

"ಹೇಳತೀನಿ ತಮ್ಮಾ," ಎಂದು ಹಂಗರಗಿಯವರು ಫೋನ್ ಇಟ್ಟರು.

ಸುಲೋಚನಾ ಚಹಾದ ಕಪ್ಪು ಹಿಡಿದು ಬಂದರು.

"ಕೇಳಿಸ್ತೇನ?" ಎಂದರು ಅವರು. "ಓದು ಕೇಳೋರು ಬಂದಿದ್ರು. ಬಾಗಲದಾಗಿಂದ ಹೊಳ್ಳಿ ಹೋದ್ರು."

"ಯಾರೂ ಬರೂದಿಲ್ಲ, ನಿಮಗ ಕೆಟ್ಟ ಅನಸ್ತದ ಅಂತ ಮಾಡಿದೆನ್ರಿ..."

"ಯಾರೂ ಬರೂದಿಲ್ಲ ಅಂತ ನಿನಗ ಖಾತ್ರಿ ಇತ್ತು. ಅಷ್ಟ ಅಪಮಾನದ್ದಾಗಿತ್ತೇನು ನನ್ನ ಪುಸ್ತಕ?"

"ಅಪ್ಪಾ, ಅವ್ವ ಒಳ್ಳೇದಕ್ಕ ಮಾಡ್ಯಾಳ," ಎಂದ ಅಂಬರೀಶ. "ಹೋಗ್ಲಿ ಬಿಡ್ರಿ."

"ನೀ ಸುಮ್ನಿರು. ನೀ ಅಂತೂ ಬರಲೇ ಇಲ್ಲ." ಅವರು ಹೆಂಡತಿಯ ಕಡೆ ತಿರುಗಿದರು. ದನಿ ಏರಲಿಲ್ಲ, ಇಳಿಯಿತು. "ಒಂದ ಕೇಳತೀನಿ, ಹೇಳು. ನೀ ಬಿ.ಎ. ಓದಿದಾಕಿ. ಈ ಮನ್ಯಾಗ ನನ್ನ ಬಿಟ್ರ ಕನ್ನಡ ಓದಾಕಿ ನೀ ಒಬ್ಬಾಕಿನ. ಆ ಪುಸ್ತಕ ನೀ ಓದೀಯೇನು?"

ಸುಲೋಚನಾ ದೇವರ ಜಗಲಿಯ ಕಡೆ ನೋಡಿದರು. ಬೆಳಗಿನ ದಾಸವಾಳ ಅದರ ಮೇಲೆ ಬಾಡಿತ್ತು.

"ಇಡೀ ಬಿಲ್ಡಿಂಗ್ ತಂದು ಕೂಡ್ರಿಸಿದಿ," ಎಂದರು ಅವರು. "ನೀ ಬಂದು ಕೂಡಲಿಲ್ಲ."

ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ವಾರಗಳಲ್ಲಿ ಮನೆ ಎಂದಿನಂತೆ ನಡೆಯಿತು, ಮಾತೊಂದಿರಲಿಲ್ಲ. ಹಂಗರಗಿಯವರು ಹಾಲು ತಂದರು, ಲೈಟ್ ಬಿಲ್ ಕಟ್ಟಿದರು. ಹೆಂಡತಿಯ ಬಿಪಿ ಗುಳಿಗೆಯ ಪಕ್ಕ ನೀರಿನ ಗ್ಲಾಸು ಬೆಳಿಗ್ಗೆ ತಪ್ಪದೆ ಇಟ್ಟರು, "ತಗೋ" ಎನ್ನಲಿಲ್ಲ. ಸಂಜೆ ಪುಸ್ತಕದಂಗಡಿಗೆ ಹೋಗುವುದನ್ನು ಬಿಟ್ಟು ಗಾರ್ಡನ್ನಿನ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಅಪೇಕ್ಷಾ ಅವರ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬಿಸಿಯಾಗಿ ಇಡುತ್ತಿದ್ದಳು. ಸೋನಾಲಿ ಒಂದು ದಿನ ಅಜ್ಜನ ಪಕ್ಕ ಕೂತು, ಹಲಗೆಯ ಆ ಫೋಟೋ ತೆಗೆದು, "ಇದು 'ಗು' ಅಲ್ಲಾ ಅಜ್ಜಾ?" ಎಂದು ಕನ್ನಡದಲ್ಲಿ ಕೇಳಿದಳು. ಅವರು "ಹೂಂ," ಎಂದರು.

ಕರಂಬೇಳಕರ ಬಾಯಿ ಒಂದು ಮಧ್ಯಾಹ್ನ ಮನೆಗೆ ಬಂದರು. ಸ್ಟೀಲಿನ ಡಬ್ಬಿಯನ್ನು ಖಾಲಿ ತಾರದೆ ಅದರಲ್ಲಿ ಚಕ್ಕುಲಿ ಹಾಕಿಕೊಂಡು ಬಂದಿದ್ದರು. "ವಹಿನಿ, ನಾನು ನಡುವೆ ಬಾಯಿ ಹಾಕಬಾರದಿತ್ತು. ಭಾವೂಜಿಗೆ ಮುಖ ತೋರಿಸಲಿಕ್ಕೆ ನಾಚಿಕೆ," ಎಂದರು ಮರಾಠಿಯಲ್ಲಿ. ನಾಚಿಕೆ ಪಡಬೇಕಾದವರು ಅವರಲ್ಲ ಎಂದು ಹೇಳಲು ಹೊರಟ ಸುಲೋಚನಾ, ಹೇಳಲಾರದೆ ಅವರ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ಸುಲೋಚನಾ ಕೈಕಾಲು ತೊಳೆದು ದೇವರ ಜಗಲಿಯಿಂದ ಪುಸ್ತಕ ಕೆಳಗಿಳಿಸಿದರು. ರಕ್ಷಾಪುಟದ ಮೇಲೆ ಅರಿಶಿನ ಗಟ್ಟಿಯಾಗಿತ್ತು. ದೀಪದೆಣ್ಣೆ ತಾಗಿ ಹಾಳೆಗಳ ಅಂಚುಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸುವಾಗ 'ಮೊದಲ ಓದುಗಾರ್ತಿಗೆ' ಎಂಬ ಹಾಳೆಯೇ ಮೂಲೆಯಲ್ಲಿ ಹರಿಯಿತು.

ದಿನಾ ಮಧ್ಯಾಹ್ನ, ಗಂಡ ಮಲಗಿದಾಗ, ಬಾಲ್ಕನಿಯಲ್ಲಿ ಕೂತು ಓದಿದರು. ಒಮ್ಮೆ ಹಾಲು ಉಕ್ಕಿ ಹೋಯಿತು. ಒಮ್ಮೆ ಬೋರು ಹೊಡೆದು ತೂಕಡಿಸಿದರು. 'ನೀಲಿ ಅಂಗೈ' ಕಥೆ ಓದಿದ ದಿನ ಮೆಂತ್ಯೆ ಸೊಪ್ಪು ಸೋಸುತ್ತ ಅಪೇಕ್ಷಾಳಿಗೆ ಅದನ್ನು ಹೇಳಿದರು.

"ಮಾಪಣ್ಣ ಅಂತ ಒಬ್ಬ ಹಮಾಲ. ಬಣ್ಣದ ಚೀಲ ಹೊತ್ತು ಹೊತ್ತು ಅಂಗೈ ನೀಲಿ. ತಂಗಿ ಮದುವಿಗೆ ಊರಿಗೆ ಹೋಗ್ತಾನ. ಬೂಂದಿ ಬಡಸಲಿಕ್ಕೆ ನಿಂತ್ರ ಮಂದಿ ಎಲಿ ಹಿಂದಕ್ಕ ಸರಸ್ತಾರ. ಅವ ಹಿತ್ತಲಕ ಹೋಗಿ ಸುಣ್ಣಾ ಹಾಕಿ ಕೈ ತಿಕ್ಕತಾನ, ತಿಕ್ಕತಾನ... ಚರ್ಮಾ ಕಿತ್ತು ಬರ್ತದ, ಬಣ್ಣ ಹೋಗೂದಿಲ್ಲ."

ಅಪೇಕ್ಷಾಳ ಕೈ ಸೊಪ್ಪಿನ ಮೇಲೆ ನಿಂತಿತು.

"ಆಯಿ, ಬಾಬಾ ಆ ದಿನ ಇದ ಓದಿದ್ರು. ಸುಣ್ಣದ ಮಾತು ಬಂದಾಗ ಕರಂಬೇಳಕರ ಮೊಮ್ಮಗ ಪುಸ್ತಕದ ರಾಶಿ ಕೆಡವಿದ. ಆಗ್ಲೇ ಎಲ್ಲಾರೂ ನಕ್ಕಿದ್ದು."

ಆ ನಗೆ ಕೇಳಿ ತಮಗೆ ಸಮಾಧಾನವಾಗಿತ್ತು ಎಂಬುದು ನೆನಪಾಗಿ, ಸುಲೋಚನಾ ಸೋಸಿದ ಸೊಪ್ಪನ್ನೇ ಮತ್ತೆ ಸೋಸಿದರು.

ಫೆಬ್ರವರಿಯ ಒಂದು ಊಟದ ಹೊತ್ತಿಗೆ, ಪುಂಡಿಪಲ್ಯ ಬಡಿಸುತ್ತ, ಅವರು ಗಂಡನ ತಾಟಿನ ಕಡೆಗೇ ನೋಡಿ ಹೇಳಿದರು:

"ನಾಕನೇ ಕಥಿ ಭಾಳ ಉದ್ದ ಆಗ್ಯದ."

ಹಂಗರಗಿಯವರ ತುತ್ತು ಅರ್ಧಕ್ಕೆ ನಿಂತಿತು. "ಏನು?"

"ಆ ಬಾಯ್ಲರಿಂದು. ಬಾಯ್ಲರ್ ಹ್ಯಾಂಗ ನಡೀತದಂತ ಹಾಳಿಗಟ್ಟಲೆ ಬರದೀರಿ. ನನಗ ನಿದ್ದಿ ಬಂತು."

ಸೋನಾಲಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಬಾಯ್ಲರ್ ತಿಳೀಲಿಲ್ಲಂದ್ರ ಅದರ ಮುಂದ ನಿಂತ ಮನುಷ್ಯ ತಿಳೀತಾನೇನು?" ಎಂದರು ಅವರು, ವಾರಗಳ ನಂತರ ಮೊದಲ ಬಾರಿಗೆ ದನಿ ಏರಿಸಿ.

"ತಿಳೀತಾನ. ಮಾಪಣ್ಣನ ಕಥಿಯೊಳಗ ಒಂದು ಮಶೀನೂ ಇಲ್ಲ. ಅವ ತಿಳದ."

ಅವರು ಅರ್ಧಕ್ಕೆ ನಿಂತಿದ್ದ ತುತ್ತನ್ನು ಬಾಯಿಗಿಟ್ಟರು. ನುಂಗಿ, "ಮತ್ತ?" ಎಂದರು.

"ಮತ್ತೇನು? ಇಡೀ ಪುಸ್ತಕ ಹುಡುಕಿದೆ. ಎಲ್ಲಾ ಹಮಾಲ್ರು, ವಾಚ್‌ಮನ್‌ಗಳು, ಕ್ಯಾಂಟೀನಿನಾಂವ. ನಾ ಎಲ್ಲೂ ಇಲ್ಲಲ್ರಿ?"

"ನೀ ಓದ್ತೀಯಂತ ಗೊತ್ತಿದ್ರ ಬರೀತಿದ್ದೆ."

ಅಂಬರೀಶ ನಕ್ಕುಬಿಟ್ಟ. ಸುಲೋಚನಾ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ರೊಟ್ಟಿ ತರಲು ಒಳಗೆ ಹೋದರು.

ಮರುದಿನ ಒಬ್ಬರೇ ಪ್ರೇಮನಾಥನ ಅಂಗಡಿಗೆ ಹೋದರು.

"ಅವರಿಗೆ ಗೊತ್ತದ ಅಂತ ನಾ ಆ ದಿನ ಸುಳ್ಳ ಹೇಳಿದ್ದೆ," ಎಂದರು ನಿಂತುಕೊಂಡೇ. "ಅವರದು ಇನ್ನೊಮ್ಮೆ ಇಡಲಿಕ್ಕೆ ಆಗ್ತದೇನಪ್ಪಾ? ಸಣ್ಣದ ಇರಲಿ. ಹಲಗಿ ಮ್ಯಾಲ ಬರೀಲಿಲ್ಲಂದ್ರೂ ನಡೀತದ."

ಪ್ರೇಮನಾಥ ಸ್ಟೂಲ್ ಎಳೆದು ಕೊಟ್ಟ. "ಕೂತ್ಕೊಳ್ಳಿ ಅಮ್ಮಾ. ಬರೀದೆ ಎಂತ ಕಾರ್ಯಕ್ರಮ ಮಾರಾಯ್ರೇ? ಬರೀಲೇಬೇಕು. ಭಾನುವಾರ ಎಲ್ಲ ತುಂಬಿ ಉಂಟು. ಬುಧವಾರ ನಾಲ್ಕು ಗಂಟೆ ಆದೀತಾ? ಜನ ಯಾರೂ ಇರೂದಿಲ್ಲ ಆ ಹೊತ್ತಿಗೆ."

"ನಾ ಇರ್ತೀನಿ," ಎಂದರು ಸುಲೋಚನಾ.

ಬುಧವಾರ ಇಬ್ಬರೂ ನಡೆದೇ ಹೋದರು. ಬಿಸಿಲಿತ್ತು. ಹಂಗರಗಿಯವರು ಇಸ್ತ್ರಿ ಅಂಗಿ ತೊಟ್ಟಿರಲಿಲ್ಲ, ದಿನದ ಅಂಗಿಯಲ್ಲೇ ಬಂದಿದ್ದರು. ಮಾತಿಲ್ಲದೆ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದವರು ರಸ್ತೆ ದಾಟುವಾಗ ಮಾತ್ರ ನಿಂತು ಕಾದರು. ಹಲಗೆಯ ಮೇಲೆ ಅವರ ಹೆಸರು ಮತ್ತೆ ಎರಡು ಬಣ್ಣದಲ್ಲಿತ್ತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪ್ರೇಮನಾಥ ಗೋಡೆಗೆ ಒರಗಿಸಿದ್ದ ಕುರ್ಚಿಗಳ ರಾಶಿಯ ಮೇಲೆ ಕೈಯಿಟ್ಟ.

"ಎಷ್ಟು ಹಾಕ್ಲಿ ಸರ್?"

"ಒಂದ ಸಾಕು," ಎಂದರು ಹಂಗರಗಿಯವರು.

ಸುಲೋಚನಾ ಜಂಬದ ಚೀಲದಿಂದ ಅರಿಶಿನದ ಕಲೆಯ ಆ ಪುಸ್ತಕ ತೆಗೆದು ಗಂಡನ ಕೈಗೆ ಕೊಟ್ಟರು. ಹರಿದ ಮೂಲೆಯನ್ನು ಗಂಡ ನೋಡಿದ್ದು ಅವರಿಗೆ ಕಂಡಿತು.

"ಎರಡ ಹಾಕಪ್ಪಾ," ಎಂದರು ಸುಲೋಚನಾ ಪ್ರೇಮನಾಥನಿಗೆ. "ನಿಂತ ಓದಿದ್ರ ಇವರ ಮೊಣಕಾಲು ನೋಯ್ತಾವ."

ಪ್ರೇಮನಾಥ ಎರಡು ಕುರ್ಚಿ ಎದುರುಬದುರು ಹಾಕಿ, ಫ್ಯಾನು ಹಚ್ಚಿ, ಚಹಾ ಹೇಳಲು ಹೊರಗೆ ಹೋದ. ಸುಲೋಚನಾ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆ ಕವಿಯ ಹೆಂಡತಿಯೂ ಹೀಗೇ ಕೂತಿದ್ದರೆಂದು ಹೊಳೆದು ತಲೆ ತಗ್ಗಿಸಿದರು.

"ಯಾವುದು ಓದಲಿ?" ಎಂದರು ಹಂಗರಗಿಯವರು.

"ಮಾಪಣ್ಣಂದು," ಎಂದರು ಅವರು. "ಆ ದಿನ ಎಲ್ಲಿ ನಿಲ್ಲಿಸಿದ್ರಿ, ನನಗ ಗೊತ್ತಿಲ್ಲ. ಮೊದಲಿಂದ ಓದ್ರಿ."